ಡಾಸ್ ಬದಲಾಯಿಸಿದ ದಸರಾ

ಯಂತ್ರ ಕೆಟ್ಟರೆ ಯಾರಾದರೂ ಬಂದು ರಿಪೇರಿ ಮಾಡ್ತಾರೆ. ಅದರ ಸುತ್ತ ನಿಂತಿರೋ ನಾವಿದ್ದೀವಲ್ಲ, ನಮಗೆ ಮಾತ್ರ ರಿಪೇರಿ ಇಲ್ಲ. ಅದಕ್ಕೇ ಇಂಥ ಪ್ರಸಂಗಗಳು ನಡೀತಾನೇ ಇರ್ತವೆ.

ಎಂಬತ್ತರ ದಶಕದ ಕೊನೆ. ನಾನು ವಿಜಯನಗರದ ಒಂದು ಟೈಪ್‌ರೈಟಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಪಾಠ ಹೇಳ್ತಿದ್ದೆ. ಬಿನ್ನಿಪೇಟೆ, ನಾಯಂಡಹಳ್ಳಿ ಕಡೆಯಿಂದೆಲ್ಲ ಹುಡುಗ ಹುಡುಗೀರು ಬೆಳಗ್ಗೇನೇ ಬಂದು ಕಟಕಟ ಅಂತ ಕುಟ್ಟೋರು. ಅಷ್ಟರಲ್ಲಿ ಎದುರುಗಡೆ ಗಾಜಿನ ಬಾಗಿಲಿನ ಕಂಪ್ಯೂಟರ್ ಸೆಂಟರ್ ಒಂದು ಬಂತು ನೋಡಿ, ನಮ್ಮ ಹುಡುಗರು ಒಬ್ಬೊಬ್ಬರೇ ರಸ್ತೆ ದಾಟೋಕೆ ಶುರು ಮಾಡಿದರು.

ಇನ್‌ಸ್ಟಿಟ್ಯೂಟು ನಮ್ಮ ಮೇಷ್ಟ್ರದು. ಜೀವಮಾನವೆಲ್ಲ ಟೈಪಿಂಗ್ ಕಲಿಸಿದ ಮನುಷ್ಯ. ಒಂದು ದಿನ ನನ್ನ ಕರೆದು, "ನೋಡಮ್ಮ, ವಿಜಯದಶಮಿ ದಿನ ನಾವೂ ಕಂಪ್ಯೂಟರ್ ಕ್ಲಾಸ್ ಶುರು ಮಾಡ್ತೀವಿ. ಆಗಲಿಲ್ಲ ಅಂದ್ರೆ ಬಾಗಿಲು ಹಾಕಿ, ನಮ್ಮ ಭಾವಮೈದುನನ ಗೋಡೌನಲ್ಲಿ ಮೂಟೆ ಎಣಿಸೋಕೆ ಹೋಗ್ತೀನಿ" ಅಂದರು. ಅವರೇನೋ ಮೂಟೆ ಎಣಿಸೋಕೆ ಹೋಗ್ತಾರೆ, ನಾನೆಲ್ಲಿಗೆ ಹೋಗಲಿ? ಕಂಪ್ಯೂಟರ್ ಕಣ್ಣಿಗೆ ಬೀಳೋ ಮೊದಲೇ ನನಗೆ ಅದರ ಮೇಲೆ ಭಕ್ತಿ ಬಂದಿತ್ತು.

೧. ಚಪ್ಪಲಿ ಹೊರಗೆ

ರಾಜಾಜಿನಗರದ ಯಾವುದೋ ಕಾರ್ಖಾನೆಯವರು ಉಪಯೋಗಿಸಿ ಬಿಟ್ಟಿದ್ದ ಹಳೇ ಕಂಪ್ಯೂಟರು. ಮೇಷ್ಟ್ರು ಅದನ್ನ ಆಟೋದಲ್ಲಿ ತೊಡೆ ಮೇಲಿಟ್ಟುಕೊಂಡು ಬಂದರು. ಒಳಗಿನ ಕೋಣೆ ಗುಡಿಸಿ ಸಾರಿಸಿ, ಬಾಗಿಲಲ್ಲಿ ರಂಗೋಲಿ ಹಾಕಿ, ಎಲ್ಲರ ಚಪ್ಪಲೀನೂ ಹೊರಗೆ ಬಿಡಿಸಿ ಕೂರಿಸಿದ್ದಾಯ್ತು. ಅದಕ್ಕೆ ತಂಪಿರಬೇಕು ಅಂತ ಯಾರೋ ಹೇಳಿದ್ದರಂತೆ. ನಮ್ಮ ತಲೆ ಮೇಲಿದ್ದ ಫ್ಯಾನು ಬಿಚ್ಚಿ ಅದರ ತಲೆ ಮೇಲೆ ಹಾಕಿದರು. ಕಿಟಕಿಗೆ ಲಾವಂಚದ ತಡಿಕೆ ಕಟ್ಟಿ ನೀರು ಚಿಮುಕಿಸಿದರು. ಮಳೆಗಾಲದ ಬೆಂಗಳೂರು ಸ್ವಾಮಿ! ಕಲಿಯೋರೆಲ್ಲ ಸ್ವೆಟರ್ ಹಾಕ್ಕೊಂಡು ನಡುಗ್ತಾ ನಿಂತಿದ್ದರು.

ಕತ್ತಲೆ ಪರದೆ ಮೇಲೆ ಹಸಿರು ಅಕ್ಷರ ಮೂಡಿದಾಗ ನನ್ನ ಮೈ ಜುಮ್ಮಂತು. ಅದು ಬಿಡಿ. ಒಂದು ಅಕ್ಷರ ತಪ್ಪು ಹೊಡೆದೆ, ಇನ್ನೊಂದು ಕೀಲಿ ಒತ್ತಿದೆ, ತಪ್ಪು ಮಾಯ! ರಬ್ಬರಿಲ್ಲ, ತಪ್ಪಿನ ಮೇಲೆ ಬಳಿಯೋ ಬಿಳಿ ಬಣ್ಣ ಇಲ್ಲ, ಕಾಗದ ಹರಿದು ತೂತಾಗೋದಿಲ್ಲ. ಒಂದು ತಪ್ಪಿಗೆ ಇಡೀ ಹಾಳೆ ಮತ್ತೆ ಹೊಡೆದು ಹೊಡೆದು ಬೆರಳು ಸವೆಸಿಕೊಂಡವಳು ನಾನು. ನನ್ನ ಕಣ್ಣಲ್ಲಿ ನೀರು ಬಂತು. ಸುಳ್ಳು ಯಾಕೆ ಹೇಳಲಿ?

"ನೋಡಿ ಮೇಷ್ಟ್ರೇ, ತಪ್ಪು ಮಾಡಿದ್ದು ಯಾರಿಗೂ ಗೊತ್ತೇ ಆಗಲ್ಲ!" ಅಂದೆ.

ಮೇಷ್ಟ್ರು ಹೋಗಿ ಕೋಣೆ ಬಾಗಿಲು ಮುಂದಕ್ಕೆ ಹಾಕಿ ಬಂದರು. ಆಮೇಲೆ ಮೆಲ್ಲಗೆ, "ಇದು ಎದುರು ಸೆಂಟರ್‌ನೋರಿಗೆ ಗೊತ್ತಾಗೋದು ಬೇಡ" ಅಂದರು.

೨. ಗಂಟೆ ಆಯ್ತು, ತಳ್ಳಿ

ಟೈಪ್‌ರೈಟರ್ ಗೊತ್ತಿಲ್ಲದವರಿಗೆ ಒಂದು ಮಾತು. ಸಾಲು ಮುಗಿಯೋಕೆ ಬಂದಾಗ ಅದರಲ್ಲಿ ಟಿಣ್ ಅಂತ ಗಂಟೆ ಆಗುತ್ತೆ. ಆದ ತಕ್ಷಣ ಎಡಗೈ ಮೇಲೆ ಹೋಗಬೇಕು, ಕಾಗದ ಹಿಡಿದಿರೋ ಮೇಲುಗಡೆ ಗಾಡೀನ ಬಲಕ್ಕೆ ರಪ್ಪಂತ ತಳ್ಳಬೇಕು. ಇದು ಒಮ್ಮೆ ಕೈಗೆ ಬಂದರೆ ನಿದ್ದೆಯಲ್ಲೂ ಹೋಗಲ್ಲ.

ಕಂಪ್ಯೂಟರ್ ಏನು ಮಾಡುತ್ತೆ? ನಾವು ಅವಸರದಲ್ಲಿ ಕೀಲಿ ಒತ್ತಿದರೆ ಬೀಪ್ ಅನ್ನುತ್ತೆ. ನಮ್ಮಲ್ಲಿ ಟೈಪಿಂಗ್ ಹೈಯರ್ ಪರೀಕ್ಷೆ ಪಾಸಾಗಿದ್ದ ಒಬ್ಬ ಹುಡುಗಿ ಇದ್ದಳು, ಕೈ ಅಂದ್ರೆ ಮಿಂಚು. ಅವಳು ಮೊದಲ ದಿನವೇ ಬಿರುಸಾಗಿ ಹೊಡೆದಳು, ಅದು ಬೀಪ್ ಅಂತು, ಅವಳ ಎಡಗೈ ಎದ್ದು ಆ ಟೀವಿಯಂಥ ಪೆಟ್ಟಿಗೆ ಕೆನ್ನೆಗೆ ರಪ್ಪಂತ ಬಿತ್ತು. ಪೆಟ್ಟಿಗೆ ಸರ್ರಂತ ಮೇಜಿನ ಅಂಚಿಗೆ ಹೋಯ್ತು. ಮೇಷ್ಟ್ರು ಹಾರಿ ಎರಡೂ ಕೈಯಲ್ಲಿ ತಬ್ಬಿ ಹಿಡಿದರು. ಹಿಡಿದವರು ಪಾಪ, ಬೈಯಲಿಲ್ಲ. ಅಭ್ಯಾಸಬಲ ನೋಡಿ, ಅವರ ಬಾಯಿಂದ ಬಂದ ಮಾತು, "ಗಂಟೆಗೆ ಸರಿಯಾಗಿ ತಳ್ಳಿದ್ಯಮ್ಮ, ಭೇಷ್!"

೩. ಆ ಅಕ್ಷರ ಒತ್ತಲ್ಲ

ಪಾಠದ ಪ್ರೋಗ್ರಾಂ ಹಾಕಿದಾಗ ಅಸಲು ತಾಪತ್ರಯ ಹತ್ತಿಕೊಳ್ತು. ಹಾಕಿದರೆ ಯಂತ್ರ 'ನನ್ನ ಡಾಸ್ ಇದಕ್ಕೆ ಸರಿಯಿಲ್ಲ' ಅಂತ ಬರೆದು ತೆಪ್ಪಗೆ ಕೂತುಬಿಡೋದು. ರಿಪೇರಿ ಕಂಪನಿಯ ಇಂಜಿನಿಯರನ್ನ ಕರೆಸಿದೆವು. ಬಸವೇಶ್ವರನಗರದವರು, ಲೂನಾ ಮೇಲೆ ಬರೋರು, ಮಾತು ಕಮ್ಮಿ. "ನೋಡಿ ಮೇಷ್ಟ್ರೇ, ಇದು ಎದ್ದು ಕೂತು ನಮ್ಮ ಮಾತು ಕೇಳಬೇಕಾದ್ರೆ ಒಳಗೆ ಒಂದು ಮೂಲ ಪ್ರೋಗ್ರಾಂ ಇರಬೇಕು. ಅದೇ ಡಾಸ್. ನಿಮ್ಮದು ಹಳೇದು. ಹೊಸದು ತಂದು ಹಾಕೋಣ" ಅಂದರು. ಮಾರನೇ ದಿನ ಬೆಳಿಗ್ಗೆ ಫ್ಲಾಪಿ ತಂದುಕೊಟ್ಟು, "ಇದನ್ನ ಒಳಗೆ ಹಾಕಿ ಶುರು ಮಾಡಿರಿ, ಅದು ಕೇಳಿದ್ದಕ್ಕೆ ಉತ್ತರ ಕೊಡ್ತಾ ಇರಿ, ಸಂಜೆ ಬರ್ತೀನಿ" ಅಂತ ಹೋದರು.

ಮೇಷ್ಟ್ರು ಸ್ನಾನ ಮಾಡಿ ಮಡಿಪಂಚೆ ಉಟ್ಟು ಶುರು ಮಾಡಿದರು. ಯಂತ್ರ ಸ್ವಲ್ಪ ಹೊತ್ತು ಗೊರಗೊರ ಅಂದು ನಿಂತು, ಮೂರು ಮಾತು ಬರೀತು: ಅಬಾರ್ಟ್, ರಿಟ್ರೈ, ಫೇಲ್? ಮೊದಲನೇದಕ್ಕೆ ಎ, ಎರಡನೇದಕ್ಕೆ ಆರ್, ಮೂರನೇದಕ್ಕೆ ಎಫ್ ಒತ್ತಬೇಕು.

"ಕೆಲಸ ಬಿಡೋದು ನನ್ನ ಜಾಯಮಾನ ಅಲ್ಲ. ಇನ್ನು ಫೇಲ್ ಅಂತೂ ನಮ್ಮ ಇನ್‌ಸ್ಟಿಟ್ಯೂಟಿನೋರು ಕೈಯಾರೆ ಒತ್ತೋದುಂಟಾ? ಮತ್ತೆ ಪ್ರಯತ್ನ ಮಾಡೋಣ" ಅಂತ ಮೇಷ್ಟ್ರು ಆರ್ ಒತ್ತಿದರು. ಅದು ಮತ್ತೆ ಅದೇ ಕೇಳ್ತು. ಮತ್ತೆ ಆರ್. ಮತ್ತೆ ಅದೇ. ಮೇಷ್ಟ್ರ ಬೆರಳು ಸೋತಾಗ ನಾನು ಕೂತೆ. ನಾನು ಸೋತಾಗ ಮಧ್ಯಾಹ್ನದ ಬ್ಯಾಚಿನೋರನ್ನ ಸಾಲಾಗಿ ನಿಲ್ಲಿಸಿದರು. ಭಜನೆ ಸಪ್ತಾಹದಲ್ಲಿ ದನಿ ನಿಲ್ಲಬಾರದು ಅಂತ ಒಬ್ಬರಾದ ಮೇಲೆ ಒಬ್ಬರು ಹಾಡ್ತಾರಲ್ಲ, ಹಾಗೆ. ಮೇಷ್ಟ್ರು ಹಿಂದೆ ನಿಂತು, "ಎಡಗೈ ತೋರುಬೆರಳು! ಕೀಲಿ ನೋಡಬೇಡ! ಬೆನ್ನು ನೆಟ್ಟಗೆ!" ಅಂತ ಹೇಳ್ತಾನೇ ಇದ್ದರು.

ಸಂಜೆ ಇಂಜಿನಿಯರ್ ಬಂದು ಆ ಸಾಲು ನೋಡಿ ದಂಗಾದರು. "ಬೆಳಗಿಂದ ಇದನ್ನೇ ಒತ್ತುತಾ ಇದೀರಾ?"

"ಹೌದು. ಡಾಸ್ ಬಂತೋ ಬಿಡ್ತೋ ಗೊತ್ತಿಲ್ಲ ಸಾರ್" ಅಂದರು ಮೇಷ್ಟ್ರು. "ಆದ್ರೆ ಆರ್ ಅಕ್ಷರದಲ್ಲಿ ನಮ್ಮ ಮಕ್ಕಳನ್ನ ಇನ್ನು ಯಾರೂ ಮೀರಿಸೋ ಹಾಗಿಲ್ಲ."

೪. ಕಿಟಕಿ ಯಾಕೆ ಬಿಟ್ಟಿದಾರೆ?

ಇಂಜಿನಿಯರ್ ಫ್ಲಾಪಿ ಹೊರಗೆ ತೆಗೆದರು. ಆಗಿನ ಫ್ಲಾಪಿ ಅಂದ್ರೆ ಕಪ್ಪನೇ ಚೌಕ, ಹಪ್ಪಳದಷ್ಟು ತೆಳ್ಳಗೆ. ಒಂದು ಕಡೆ ಉದ್ದನೇ ಕಿಟಕಿ, ಅದರಲ್ಲಿ ಒಳಗಿನ ತಟ್ಟೆ ಕಾಣುತ್ತೆ. ಯಂತ್ರ ಓದೋದು ಅಲ್ಲೇ. ಅಲ್ಲಿ ಬೆರಳೂ ತಾಗಬಾರದು. ಅದರ ನಟ್ಟನಡುವೆ ಗುಂಡಗೆ, ಎಣ್ಣೆಯಲ್ಲಿ ಕಲಸಿದ ಕುಂಕುಮ! ಮೇಲೊಂದು ಅಕ್ಷತೆ ಕಾಳು ಬೇರೆ ಅಂಟಿಕೊಂಡಿತ್ತು.

ಎಲ್ಲರ ಕಣ್ಣೂ ಅಜ್ಜಿ ಕಡೆ ತಿರುಗ್ತು. ಅಜ್ಜಿ ಅಂದ್ರೆ ಮೇಷ್ಟ್ರ ತಾಯಿ. ಇನ್‌ಸ್ಟಿಟ್ಯೂಟಿನ ಹಿಂದೆಯೇ ಅವರ ಮನೆ, ಆ ಜಾಗದಲ್ಲಿ ಅವರ ಮಾತೇ ಮಾತು.

"ನಾನೇ ಇಟ್ಟಿದ್ದು. ಏನೀಗ? ಮನೆಗೆ ಹೊಸದು ಬಂದ್ರೆ ಬರೀ ಹಣೇಲಿ ಒಳಗೆ ಕರ್ಕೋತಾರಾ?"

"ಅಜ್ಜೀ, ಅದರ ಮೇಲೆ ಧೂಳು ಕೂಡ ಬೀಳಬಾರದು!" ಅಂದರು ಇಂಜಿನಿಯರ್.

"ಕುಂಕುಮ ಧೂಳೇನಯ್ಯಾ? ಮೈಯೆಲ್ಲ ಮುಚ್ಚಿ ಅಷ್ಟು ಜಾಗ ಬಿಟ್ಟಿದಾರೆ. ಅದು ಕುಂಕುಮಕ್ಕಲ್ಲದೇ ಇನ್ಯಾತಕ್ಕೆ ಬಿಡ್ತಾರೆ?"

ನನಗಂತೂ, ದೇವರಾಣೆ, ಅಜ್ಜಿ ಹೇಳಿದ್ದೇ ಸರಿ ಅನ್ನಿಸ್ತು. ಇಂಜಿನಿಯರ್ ಕಂಪ್ಯೂಟರಿನ ಬಾಯಿ ಬಿಚ್ಚಿ, ಸ್ಪಿರಿಟ್ ಹಚ್ಚಿದ ಬಟ್ಟೆಯಲ್ಲಿ ಒಳಗಿನ ಕೆಂಪೆಲ್ಲ ಒರೆಸಿದರು. "ಆಯುಧಪೂಜೆ ದಿನ ನಮ್ಮ ಆಫೀಸಿಗೆ ರಜ. ಬೇರೆ ಫ್ಲಾಪಿ ತಂದು ನಾನೇ ಕೂತು ಹಾಕಿಕೊಡ್ತೀನಿ. ಅದಕ್ಕೆ ಮಾತ್ರ ಯಾರೂ ಕುಂಕುಮ ಇಡಬಾರದು" ಅಂತ ಕೈ ಮುಗಿದರು.

"ಆಗಲಪ್ಪ, ಅದಕ್ಕೆ ಇಡಲ್ಲ" ಅಂದ ಅಜ್ಜಿ, ಬಟ್ಟಲಲ್ಲಿ ಮಿಕ್ಕಿದ್ದ ಕುಂಕುಮಾನ ಅವರ ಹಣೆಗೆ ಒತ್ತಿಬಿಟ್ಟರು.

೫. ಪೂಜೆ ಆದ ಮೇಲೆ ಮುಟ್ಟೋ ಹಾಗಿಲ್ಲ

ಆಯುಧಪೂಜೆ ದಿನ ಬೆಳಿಗ್ಗೆ ಇಂಜಿನಿಯರ್ ಹೇಳಿದ ಹಾಗೇ ಬಂದರು. ಮಾರನೇ ದಿನವೇ ಉದ್ಘಾಟನೆ. ಊರಿಗೆಲ್ಲ ಹೇಳಿಯಾಗಿತ್ತು, ಬಾಗಿಲಿಗೆ ಮಾವಿನ ತೋರಣ ಕಟ್ಟಿಯಾಗಿತ್ತು. ಟೈಪ್‌ರೈಟರುಗಳೆಲ್ಲ ಮಿಂದು ವಿಭೂತಿ ಹಚ್ಚಿಕೊಂಡು ಹೂ ಮುಡಿದು ಕೂತಿದ್ದವು. ಈ ಸಲ ಫ್ಲಾಪಿ ಚೊಕ್ಕಟವಾಗಿತ್ತು. ಹಳೇ ಡಾಸ್ ಹೋಗಿ ಹೊಸದು ಚೂರುಚೂರೇ ಒಳಗೆ ಇಳೀತಿತ್ತು. ಕಾಣದ ಕೈ ಒಂದು ಪರದೆ ಮೇಲೆ ಹೆಸರು ಬರೀತಾ ಹೋಗ್ತಿತ್ತು. ನಾನು ಉಸಿರು ಬಿಗಿಹಿಡಿದು ನೋಡ್ತಾ ನಿಂತಿದ್ದೆ.

"ಇನ್ನೇನು ಆಗೋಯ್ತು" ಅಂತ ಇಂಜಿನಿಯರ್ ಕೈ ತೊಳೆಯೋಕೆ ಹಿತ್ತಲಿಗೆ ಹೋದರು. ಅದೇ ಹೊತ್ತಿಗೆ ಅಜ್ಜಿ ಒಳಗಿಂದ, "ಮಂಗಳಾರತಿ ಹೊತ್ತಾಯ್ತು, ಯಂತ್ರ ಎಲ್ಲ ನಿಲ್ಸಪ್ಪಾ!" ಅಂದರು. ಮೇಷ್ಟ್ರು ತಾಯಿ ಮಾತು ಮೀರಿದೋರಲ್ಲ. ಸೀದಾ ಹೋಗಿ ಮೇನ್ ಸ್ವಿಚ್ ಕೆಳಗೆ ಎಳೆದರು. ಪರದೆ ಕಪ್ಪಾಯ್ತು.

ಇಂಜಿನಿಯರ್ ಒದ್ದೆ ಕೈಯಲ್ಲೇ ಓಡಿಬಂದರು. "ಅಯ್ಯೋ! ಹೊಟ್ಟೆ ಕುಯ್ದು ಹೊಲಿಗೆ ಹಾಕದೇ ಬಿಟ್ಟಂಗಾಯ್ತು! ಸ್ವಿಚ್ ಹಾಕಿ, ಮತ್ತೆ ಮೊದಲಿಂದ ಮಾಡ್ತೀನಿ."

ಅಜ್ಜಿ ಗಂಟೆ ಬಾರಿಸ್ತಾನೇ ತಲೆ ಅಲ್ಲಾಡಿಸಿದರು. ಆರತಿ ಮುಗಿದ ಮೇಲೆ, "ಪೂಜೆ ಆದ ಆಯುಧ ಇವತ್ತು ಮುಟ್ಟೋ ಹಾಗಿಲ್ಲ. ನಾಳೆ ಮುಹೂರ್ತದಲ್ಲಿ ಮುಖ್ಯ ಅತಿಥಿಗಳೇ ಮೊದಲು ಕೈ ಹಾಕ್ತಾರೆ" ಅಂದರು. ಮೇಷ್ಟ್ರ ಮುಖ ನೋಡಬೇಕಿತ್ತು. ಈ ಕಡೆ ತಾಯಿ, ಆ ಕಡೆ ಗೋಡೌನು. ನನಗೆ ಅಳು ಬಂತು, ಸಿಟ್ಟೂ ಬಂತು. ಯಾರ ಮೇಲೆ ಅಂತ ಸಿಟ್ಟಾಗೋದು?

"ಹೋಗ್ಲಿ, ನನ್ನ ಸ್ಕ್ರೂಡ್ರೈವರ್ ಆದ್ರೂ ಕೊಡಿ, ಮನೆಗೆ ಹೋಗ್ತೀನಿ" ಅಂದರು ಇಂಜಿನಿಯರ್.

ಅಜ್ಜಿ ದೇವರ ಕಡೆ ಕೈ ತೋರಿಸಿದರು. ಸ್ಕ್ರೂಡ್ರೈವರ್ ವಿಭೂತಿ ಹಚ್ಚಿಕೊಂಡು, ಮೇಲೊಂದು ಸೇವಂತಿಗೆ ಇಟ್ಟುಕೊಂಡು, ಟೈಪ್‌ರೈಟರುಗಳ ಪಕ್ಕ ಕೂತಿತ್ತು.

೬. ಉದ್ಘಾಟನೆ

ವಿಜಯದಶಮಿ ಬೆಳಿಗ್ಗೆ ಕೋಣೆ ಕಿಕ್ಕಿರಿದಿತ್ತು. ಅಪ್ಪ ಅಮ್ಮಂದಿರು ಮಕ್ಕಳನ್ನ ಕರ್ಕೊಂಡು ಬರಿಗಾಲಲ್ಲಿ, ಗರ್ಭಗುಡಿ ಮುಂದೆ ನಿಂತ ಹಾಗೆ ನಿಂತಿದ್ದರು. ಕಂಪ್ಯೂಟರ್ ಓಡಿದರೆ ಸೇರಿಸೋಣ, ಇಲ್ಲಾಂದ್ರೆ ಎದುರು ಸೆಂಟರ್ ಇದ್ದೇ ಇದೆ ಅಂತ ಅವರವರಲ್ಲೇ ಮಾತಾಡ್ಕೊಳ್ತಿದ್ದರು. ನನಗೆ ಕೇಳಿಸ್ತು, ಮೇಷ್ಟ್ರಿಗೂ ಕೇಳಿಸ್ತು. ಇಂಜಿನಿಯರ್ ಫ್ಲಾಪಿ ಹಿಡ್ಕೊಂಡು ಮೂಲೆಯಲ್ಲಿ ನಿಂತಿದ್ದರು. ಮುಹೂರ್ತಕ್ಕೆ ಮೊದಲು ಅವರನ್ನ ಹತ್ತಿರ ಬಿಟ್ಟಿರಲಿಲ್ಲ.

ಮುಖ್ಯ ಅತಿಥಿ ನಮ್ಮ ಬೀದಿಯ ರಿಟೈರ್ಡ್ ತಹಸೀಲ್ದಾರರು. ಗಂಟುಮೋರೆ ಮನುಷ್ಯ, ನಕ್ಕಿದ್ದು ಕಂಡೋರಿಲ್ಲ. ಬೀದಿಯಲ್ಲಿ ಅವರು ಯಾವುದನ್ನ ಒಪ್ಪಿದರೆ ಅದನ್ನೇ ಎಲ್ಲರೂ ಒಪ್ಪೋರು. ಅವರು ದೀಪ ಹಚ್ಚಿ, ಕಣ್ಣಿಗೊತ್ತಿಕೊಂಡು, ಸ್ವಿಚ್ ಒತ್ತಿದರು.

ಯಂತ್ರ ಗುಂಯ್ ಅಂತು. ಹಸಿರು ದೀಪ ಬಂತು. ಜನ ಎಲ್ಲ ಒಟ್ಟಿಗೆ "ಹಾ!" ಅಂದರು. ಆಮೇಲೆ ಪರದೆ ಮೇಲೆ ಒಂದೇ ಒಂದು ಸಾಲು ಮೂಡಿ ಎಲ್ಲಾ ನಿಂತುಹೋಯ್ತು. ಮೇಷ್ಟ್ರು ಗೋಡೆಗೆ ಒರಗಿದರು.

"ಏನು ಬರೆದಿದೆ, ಓದಮ್ಮ" ಅಂದರು ತಹಸೀಲ್ದಾರರು.

ನಾನು ಓದಿದೆ: "ಬ್ಯಾಡ್ ಆರ್ ಮಿಸ್ಸಿಂಗ್ ಕಮಾಂಡ್ ಇಂಟರ್‌ಪ್ರಿಟರ್."

"ಅಂದ್ರೆ?"

ಇಂಜಿನಿಯರ್ ಮೂಲೆಯಿಂದಲೇ ಹೇಳಿದರು. "ಅಂದ್ರೆ ಸಾರ್, ನೀವು ಅಪ್ಪಣೆ ಕೊಟ್ರೆ ಅರ್ಥ ಮಾಡಿಕೊಳ್ಳೋ ಭಾಗ ತನ್ನಲ್ಲಿ ಕೆಟ್ಟಿದೆ, ಇಲ್ಲಾಂದ್ರೆ ಇಲ್ಲವೇ ಇಲ್ಲ ಅಂತ ಹೇಳ್ತಿದೆ."

"ಯಾರು ಹೇಳ್ತಿರೋದು?"

"ಅದೇ ಸಾರ್. ಕಂಪ್ಯೂಟರೇ."

"ಯಾರೂ ಮೆಮೋ ಕೊಡದೇನೇ?"

"ಹೌದು ಸಾರ್."

"ತನ್ನ ತಪ್ಪು ತಾನೇ? ಬರವಣಿಗೆಯಲ್ಲಿ? ಇನ್ನೊಬ್ಬರ ಮೇಲೆ ಹಾಕದೇ?"

"ಹೌದು ಸಾರ್."

ತಹಸೀಲ್ದಾರರು ಕನ್ನಡಕ ತೆಗೆದು ಒರೆಸಿ ಹಾಕ್ಕೊಂಡರು. ಪರದೆಗೆ ಮುಖ ಹತ್ತಿರ ತಂದು ಆ ಸಾಲನ್ನ ಮತ್ತೆ ಓದಿದರು. ಆಮೇಲೆ ನಮ್ಮ ಕಡೆ ತಿರುಗಿದಾಗ ಅವರ ಕಣ್ಣು ತುಂಬಿತ್ತು.

"ನನ್ನ ಸರ್ವೀಸ್ ಪೂರ್ತಿ ಆಫೀಸಲ್ಲಿ ಕಳೆದೆ ಕಣ್ರೀ. ಜವಾನನಿಂದ ಹಿಡಿದು ಮೇಲಿನೋರ ತನಕ ಎಲ್ಲರನ್ನೂ ನೋಡಿದೀನಿ. 'ನಿಮ್ಮ ಆರ್ಡರು ನನಗೆ ಅರ್ಥ ಆಗಿಲ್ಲ, ತಪ್ಪು ನನ್ನದೇ' ಅಂತ ಬರೆದುಕೊಟ್ಟ ಒಂದು ಪ್ರಾಣೀನೂ ನೋಡಲಿಲ್ಲ. ಇವತ್ತು ನೋಡಿದೆ." ಕಂಪ್ಯೂಟರಿಗೆ ಕೈ ಮುಗಿದೇಬಿಟ್ಟರು. "ಮೇಷ್ಟ್ರೇ, ನನ್ನ ಮಗಳ ಹೆಸರು ಬರ್ಕೊಳ್ಳಿ. ಸೊಸೇದೂ ಬರ್ಕೊಳ್ಳಿ. ಈ ಯಂತ್ರದ ಹತ್ರ ಟೈಪಿಂಗ್ ಕಲೀದಿದ್ರೂ ಚಿಂತೆಯಿಲ್ಲ, ಬುದ್ಧಿ ಕಲೀಲಿ!"

ಅಷ್ಟು ಅಂದಿದ್ದೇ ತಡ, ಜನ ಮೇಷ್ಟ್ರ ಮೇಜಿಗೆ ಮುಗಿಬಿದ್ದರು. "ನಮ್ಮ ಹುಡುಗಂದು ಬರ್ಕೊಳ್ಳಿ", "ನಮ್ಮಿಬ್ಬರದು ಬೆಳಗಿನ ಬ್ಯಾಚಿಗೆ" ಅಂತ ಗದ್ದಲವೋ ಗದ್ದಲ. ಮೇಷ್ಟ್ರು ಒಂದು ಕೈಯಲ್ಲಿ ಹೆಸರು ಬರೀತಾ ಇನ್ನೊಂದು ಕೈಯಲ್ಲಿ ಕಣ್ಣು ಒರೆಸ್ಕೊಳ್ತಾ ಇದ್ದರು. ಗೋಡೌನು ತಪ್ಪಿತು, ನನ್ನ ಕೆಲಸ ಉಳೀತು.

ಇದೇ ಸಮಯ ಅಂತ ಇಂಜಿನಿಯರ್ ಮೆಲ್ಲಗೆ ಕಂಪ್ಯೂಟರ್ ಮುಂದೆ ಕೂತು ಫ್ಲಾಪಿ ಒಳಗೆ ತೂರಿಸೋಕೆ ಹೋದರು. ತಹಸೀಲ್ದಾರರು ಹಿಂದಿನಿಂದ ಬಂದು ಅವರ ರಟ್ಟೆ ಹಿಡಿದು ಎಬ್ಬಿಸಿದರು.

"ಏಯ್, ಏಳಯ್ಯಾ ಮೇಲೆ! ಇಷ್ಟು ಸತ್ಯವಂತ ಯಂತ್ರ ಸಿಕ್ಕಿದೆ. ರಿಪೇರಿ ಮಾಡಿ ಕೆಡಿಸ್ತೀಯಾ?"