ಒತ್ತಡ ಇರುವವರು ಕೈ ಎತ್ತಿ

ಪ್ರಶ್ನೆಪಟ್ಟಿ ಹಿಡಿದು ಶಾಲೆಗೆ ಹೋಗಿ, ನಗದೆ ವಾಪಸು ಬಂದ ದಿನ ನನ್ನ ಸರ್ವಿಸಿನಲ್ಲೇ ಇಲ್ಲ. ಚಿತ್ರದುರ್ಗ ಜಿಲ್ಲೆಯ ಮಕ್ಕಳ ಓದು, ಮನಸ್ಸು, ಆರೋಗ್ಯ ಹೇಗಿದೆ ಎಂದು ಕೇಳಿ ಬರೆದುಕೊಳ್ಳುವುದು ನನ್ನ ಕೆಲಸ. ಅದನ್ನು ನೋಡಿಯೇ ಯಾವ ಮಗುವಿಗೆ ಏನು ನೆರವು ಎಂದು ತೀರ್ಮಾನವಾಗುತ್ತದೆ. ಪಟ್ಟಿ ಮಾತ್ರ ದೊಡ್ಡ ವಿದ್ವಾಂಸರು ಬರೆದದ್ದು. ಮಕ್ಕಳಿಗೆ ಅದು ಅರ್ಥವಾಗದಿದ್ದರೆ ನೆರವೂ ತಪ್ಪಿಹೋಗುತ್ತದಲ್ಲ ಎಂಬುದೇ ನನ್ನ ಹೆದರಿಕೆ.

ಬೆಲ್ ಆದ ಮೇಲೆ

ಹಿರಿಯೂರಿನ ಕಡೆಯ ಒಂದು ಶಾಲೆ. ಆರನೇ ತರಗತಿಯಲ್ಲಿ ನಿಂತು, "ಯಾರಿಗೆಲ್ಲ ಒತ್ತಡ ಇದೆ? ಕೈ ಎತ್ತಿ" ಎಂದೆ. ಇಡೀ ತರಗತಿ ಕಿರುಬೆರಳು ಎತ್ತಿತು. ಬಾಗಿಲಲ್ಲಿ ನಿಂತಿದ್ದ ಮೇಷ್ಟ್ರಿಗೆ ಸಿಟ್ಟು ಬಂತು.

"ಈಗಿನ್ನೂ ಹೋಗಿ ಬಂದೀರಿ, ಆಗ್ಲೇ ಒತ್ತಡ ಬಂತೇನ್ರಲೇ?"

ಗೂಡ್ಸ್ ಗಾಡಿ

ಚಿಕ್ಕಜಾಜೂರಿನಲ್ಲಿ ರೈಲ್ವೆ ನೌಕರರೊಬ್ಬರ ಮಗಳನ್ನು ಕೇಳಿದೆ: "ನಿದ್ರಾಭಂಗ ಆಗುತ್ತದೆಯೇ?"

"ಅಂದ್ರೆ?"

"ನಿದ್ದೆಯಲ್ಲಿ ಎಚ್ಚರ ಆಗ್ತದಾ?"

"ಗೂಡ್ಸ್ ಬಂದ್ರೆ ಆಗಲ್ಲ ಮೇಡಂ, ಬರ್ದಿದ್ರೆ ಆಗ್ತೈತೆ."

ಆಫೀಸಿಗೆ ಫೋನ್ ಮಾಡಿ ಕಾರಣದ ಕಾಲಂನಲ್ಲಿ ಏನು ಬರೆಯಲಿ ಎಂದೆ. "ಶಬ್ದದಿಂದ ತೊಂದರೆ ಅಂತ ಬರೀರಿ" ಎಂದರು. "ಶಬ್ದ ಇಲ್ಲದ್ದರಿಂದ ತೊಂದರೆ ಸಾರ್" ಎಂದೆ.

ಅಜ್ಜಿಯ ಚೀಲ

ಹೊಳಲ್ಕೆರೆಯ ಒಂದು ಶಾಲೆಯಲ್ಲಿ ಪೋಷಕರ ಸಭೆ. "ಶನಿವಾರ ಆಪ್ತ ಸಮಾಲೋಚನೆ ಕೊಡ್ತೀವಿ, ಬನ್ನಿ" ಎಂದು ಹೇಳಿ ಕಳಿಸಿದ್ದೆವು. ಹಾಲು, ಮೊಟ್ಟೆ, ಶೂ ಎಲ್ಲ ಕೊಡುವ ಶಾಲೆಯಲ್ಲವೇ? ಒಬ್ಬ ಅಜ್ಜಿ ಎಲ್ಲರಿಗಿಂತ ಮೊದಲೇ ಬಂದು ಚೀಲದ ಬಾಯಿ ಅಗಲಿಸಿ ಹಿಡಿದರು.

"ಹಾಕ್ರವ್ವ. ನನ್ನ ಮೊಮ್ಮಕ್ಳು ಇಬ್ರವ್ರೆ, ನೋಡ್ಕಂಡು ಹಾಕ್ರಿ."

ಮಾತಾಡದ ಹುಡುಗಿ

ಪಟ್ಟಿಯನ್ನು ನಮ್ಮ ಮಾತಿಗೆ ತಿದ್ದೋಣ ಎಂದು ಅದನ್ನು ಬರೆದ ಪ್ರೊಫೆಸರನ್ನು ಎಷ್ಟೋ ಸಲ ಕೇಳಿಕೊಂಡೆ. "ವೈಜ್ಞಾನಿಕ ಪಟ್ಟಿ, ಒಂದಕ್ಷರ ಬದಲಿಸುವಂತಿಲ್ಲ" ಎಂದ ಪ್ರೊಫೆಸರು, ಕೊನೆಗೆ ಪರೀಕ್ಷಿಸಲು ತಾವೇ ಹೊಸದುರ್ಗಕ್ಕೆ ಬಂದರು. ಮತ್ತೋಡಿನ ಕಡೆಯ ಒಂದು ಪ್ರೌಢಶಾಲೆಗೆ ಹೋದೆವು.

ಒಂಬತ್ತನೇ ತರಗತಿಯ ಹಿಂದಿನ ಬೆಂಚಿನಲ್ಲಿ ಒಬ್ಬ ಹುಡುಗಿ. "ಅವಳು ಮಾತೇ ಆಡಲ್ಲ, ಓದೂ ಹತ್ತಲ್ಲ. ಮುಂದಿನ ವರ್ಷ ಬಿಡಿಸ್ತಾರಂತೆ" ಎಂದರು ಟೀಚರು.

ಪ್ರೊಫೆಸರು ಮೃದುವಾಗಿಯೇ ಕೇಳಿದರು: "ಕಲಿಕಾ ಪ್ರಕ್ರಿಯೆಯಲ್ಲಿ ನಿನಗೆ ಯಾವುದಾದರೂ ಅಡಚಣೆಗಳು ಎದುರಾಗುತ್ತಿವೆಯೇ?"

ಹುಡುಗಿ ನೆಲ ನೋಡಿದಳು. ಪ್ರೊಫೆಸರು "ಉತ್ತರವಿಲ್ಲ" ಎಂದು ಬರೆಯಲು ಪೆನ್ನು ತೆಗೆದರು. ನನಗೆ ತಡೆಯಲಾಗಲಿಲ್ಲ. ಪಕ್ಕದಲ್ಲಿ ಕುಳಿತು ಕೇಳಿದೆ, "ಯಾಕವ್ವ, ಸ್ಕೂಲಾಗೆ ಏನಾರ ಕಷ್ಟ ಐತಾ?"

"ಐತೆ. ಬೋರ್ಡ್ ಮೇಲಿಂದು ಏನೂ ಕಾಣಲ್ಲ. ಎಲ್ಲಾ ಮಂಜು ಮಂಜು."

ಟೀಚರು ಬಾಯಿ ಮೇಲೆ ಕೈ ಇಟ್ಟುಕೊಂಡರು. ಪ್ರೊಫೆಸರು ತಬ್ಬಿಬ್ಬಾದರು. "ನಾನೂ ಅದನ್ನೇ ಕೇಳಿದೆನಲ್ಲಮ್ಮ!"

"ನೀವು ಕನ್ನಡದಾಗೆ ಕೇಳ್ಲಿಲ್ಲಲ್ಲ ಸಾರ್."

ಎಲ್ಲರಿಗಿಂತ ಜೋರಾಗಿ ನಕ್ಕವರು ಪ್ರೊಫೆಸರೇ. ಅಲ್ಲೇ ಕುಳಿತು, ಆ ಹುಡುಗಿಯನ್ನೇ ಕೇಳಿ ಕೇಳಿ ಪಟ್ಟಿಯನ್ನೆಲ್ಲ ತಿದ್ದಿದರು. ಅವಳು ಈಗ ಹತ್ತನೇ ತರಗತಿಯ ಮುಂದಿನ ಬೆಂಚಿನಲ್ಲಿದ್ದಾಳೆ. ಬಿಡಿಸುವ ಮಾತು ಮನೆಯಲ್ಲಿ ಯಾರೂ ಎತ್ತುತ್ತಿಲ್ಲ. ಅವಳನ್ನು ನೆನೆದರೆ ನನ್ನ ಕೆಲಸದ ಬಗ್ಗೆ ಈಗಲೂ ಎದೆಯುಬ್ಬುತ್ತದೆ.

ಪ್ರೊಫೆಸರು ಬಂದುಹೋದ ತಿಂಗಳೇ ಹುಡುಗಿಗೆ ಕನ್ನಡಕ ಬಂತು. ನಮ್ಮ ಪಟ್ಟಿಗೆ ಕನ್ನಡ ಬಂತು.