ಅರ್ಧ ಬೆಲೆಗೆ ಕೇಳಿದ ಆಟದ ಪೆಟ್ಟಿಗೆ

ಐವತ್ತೈದು ಸಾವಿರ ಎಂಬ ಮಾತು ಕಿವಿಗೆ ಬಿದ್ದಾಗ ನನ್ನ ಕೈಯಲ್ಲಿದ್ದ ಸೌಟು ನಿಂತೇಬಿಟ್ಟಿತು. ಉಪ್ಪಿಟ್ಟು ತಳ ಹಿಡಿಯಿತು. (ಉಪ್ಪಿಟ್ಟನ್ನು ದೂರುವ ಹಾಗಿಲ್ಲ. ಅದಕ್ಕೂ ಆಘಾತವಾಗಿರಬೇಕು.)

"ಏನ್ರೀ ಅದು, ಸೆಕೆಂಡ್ ಹ್ಯಾಂಡ್ ಸ್ಕೂಟರಾ?" ಎಂದೆ.

"ಅಲ್ಲ ಕಣೇ, ಗೇಮ್ ಆಡೋ ಕನ್ಸೋಲು. ಟೀವಿಗೆ ಸಿಕ್ಕಿಸ್ಕೊಂಡು ಆಡೋದು. ಹೊಸದು ಬಂದಿದೆಯಂತೆ. ಸುಮ್ನೆ ರೇಟ್ ನೋಡ್ದೆ, ಅಷ್ಟೇ" ಎಂದರು ನಮ್ಮವರು, ಅಂದರೆ ನಂಜೇಶ್.

"ಸುಮ್ನೆ ರೇಟ್ ನೋಡ್ದೆ" ಎಂಬ ಮಾತನ್ನು ಯಾರೂ ನಂಬಬಾರದು. ಹೋದ ವರ್ಷ ನಾನೂ ಒಂದು ರೇಷ್ಮೆ ಸೀರೆಯ ರೇಟನ್ನು ಸುಮ್ಮನೆ ನೋಡಿದ್ದೆ. ಅದೀಗ ನಮ್ಮ ಬೀರುವಿನಲ್ಲಿದೆ.

ಪಾಪ, ನಂಜನಗೂಡಿನ ಫ್ಯಾಕ್ಟರಿಯೊಂದರಲ್ಲಿ ಶಿಫ್ಟ್ ಕೆಲಸ ಮಾಡುವ ಮನುಷ್ಯ. ಕಾಲೇಜಿಗೆ ಮೈಸೂರಿಗೆ ಹೋಗುತ್ತಿದ್ದಾಗ ಮಸಾಲೆದೋಸೆಯ ಕಾಸು ಉಳಿಸಿ, ಗೇಮ್ ಅಂಗಡಿಯಲ್ಲಿ ಗಂಟೆಗಿಷ್ಟು ಅಂತ ಕೊಟ್ಟು ಆಡಿಬರುತ್ತಿದ್ದರಂತೆ. ಮದುವೆಯಾದ ಮೇಲೆ ತಮಗೆಂದು ಒಂದು ಜೊತೆ ಚಪ್ಪಲಿಯನ್ನೂ ಬಾಯಿಬಿಟ್ಟು ಕೇಳಿದವರಲ್ಲ. ಅಂಥವರಿಗೆ 'ಬೇಡ' ಅನ್ನಲು ನನಗೆ ನಾಲಿಗೆ ಹೊರಳಲಿಲ್ಲ. 'ತಗೊಳ್ಳಿ' ಅನ್ನೋಣವೆಂದರೆ ಕೈಯಲ್ಲಿದ್ದದ್ದು ಬ್ಲೌಸ್ ಹೊಲಿದು ಹೊಲಿದು ವಾಷಿಂಗ್ ಮಷೀನಿಗೆಂದು ಕೂಡಿಸಿದ ದುಡ್ಡು ಮಾತ್ರ. ನಮ್ಮ ಮಗಳು ಚಿನ್ನಿ ಸ್ಕೂಲಿನಿಂದ ಬರುವಾಗ ಊರಿನ ಅರ್ಧ ಕೆಸರನ್ನು ಯೂನಿಫಾರಂನಲ್ಲೇ ತರುತ್ತಾಳೆ. ಅವರಪ್ಪನ ಪ್ಯಾಂಟಿನಲ್ಲಿ ಗ್ರೀಸು. ನನ್ನ ಸೊಂಟದ ಪಾಡು ಒಗೆಯುವ ಕಲ್ಲಿಗೇ ಗೊತ್ತು.

ಆವತ್ತಿನಿಂದ ನಮ್ಮವರು ಮೌನವ್ರತಕ್ಕೆ ಕೂತರು. ಚಪಾತಿ ಮಾಡಿದರೆ ಬಿಟ್ಟು ಏಳುವುದು, ಮುದ್ದೆಯನ್ನು ಮಾತ್ರ ಹೇಗೋ ನುಂಗುವುದು. ಚಕ್ಕುಲಿ ಕೊಟ್ಟರೆ ಮಗಳ ಕೈಗೆ ದಾಟಿಸುವುದು. ಏನಾಯ್ತು ಅಂದರೆ "ಹ್ಞೂಂ". ಇನ್ನೊಮ್ಮೆ ಕೇಳಿದರೆ "ಹ್ಞೂಂಹ್ಞೂಂ". 'ಕನ್ಸೋಲಿನ ಕೊರಗು' ಎಂದು ನಾನು ಡೈರಿಯಲ್ಲಿ ಬರೆದು, ಕೆಳಗೆ ಎರಡು ಗೆರೆ ಎಳೆದೆ.

ಆಗ ಹೊಳೆದದ್ದು ನನ್ನ ರಾಜತಂತ್ರ. 'ಬೇಡ' ಅನ್ನುವ ಪಾಪ ನನಗೇಕೆ? ಅಂಗಡಿಯವನ ಬಾಯಿಂದಲೇ ಅದು ಬರಲಿ!

ಈ ರಾಜತಂತ್ರಕ್ಕೆ ಬೇಕಾದ ಸೇನಾಪತಿ ಮನೆಯಲ್ಲೇ ಇದ್ದರು. ನಮ್ಮತ್ತೆ ಚನ್ನಬಸಮ್ಮ. ತವರು ಬನ್ನೂರು ಕಡೆ, ಕುರಿ ವ್ಯಾಪಾರದ ಮನೆ. ಸೊಪ್ಪಿನವಳು ಇವರನ್ನು ಕಂಡರೆ ಗಾಡಿಯ ದಿಕ್ಕನ್ನೇ ಬದಲಿಸುತ್ತಾಳೆ. ಆ ತವರಿನಲ್ಲಿ ಒಂದು ಕಟ್ಟಳೆ: ನಾವು ಬೆಲೆ ಕೇಳಿ, ಮಾರುವವನು ಆಯ್ತು ಅಂದರೆ ಮುಗಿಯಿತು. ಕುರಿ ಕುಂಟಾಗಿದ್ದರೂ ಹೊಡೆದುಕೊಂಡು ಬರಬೇಕು, ಬಿಟ್ಟು ಬಂದರೆ ಮನೆತನದ ಮಾನ ಹೋಯಿತು. ಈ ಕಟ್ಟಳೆ ನನಗೆ ಚೆನ್ನಾಗಿ ಗೊತ್ತಿತ್ತು. (ಗೊತ್ತಿದ್ದೂ ಹೋದೆನಲ್ಲ, ಅದೇ ಇವತ್ತಿಗೂ ಹೊಟ್ಟೆ ಉರಿಸುವುದು.)

"ಅತ್ತೆ, ನೀವು ಇಪ್ಪತ್ತೆಂಟು ಸಾವಿರಕ್ಕೆ ಕೇಳಿ. ಆಗಲ್ಲ ಅಂತಾನೆ, ಎದ್ದು ಬಂದುಬಿಡೋಣ. ಕೇಳಿ ಬಂದ್ವಿ ಅಂತ ಇವರಿಗೂ ಸಮಾಧಾನ."

"ಅಷ್ಟಕ್ಕೇ ಕೊಟ್ಬುಟ್ರೆ?"

"ಐವತ್ತೈದರದ್ದನ್ನ ಅರ್ಧಕ್ಕೆ ಯಾರು ಕೊಡ್ತಾರೆ ಅತ್ತೆ? ಕೊಟ್ರೆ ನನ್ನ ವಾಷಿಂಗ್ ಮಷೀನ್ ದುಡ್ಡೇ ಕೊಡ್ತೀನಿ!" ಎಂದು ಎದೆ ತಟ್ಟಿಕೊಂಡೆ.

ನಮ್ಮವರು ಡ್ಯೂಟಿಗೆ ಹೋದ ಮೇಲೆ ಅತ್ತೆ ಸೊಸೆ ಇಬ್ಬರೂ ದೇವಯ್ಯನವರ ಎಲೆಕ್ಟ್ರಾನಿಕ್ಸ್ ಅಂಗಡಿಗೆ ಹೋದೆವು. ದೇವಯ್ಯ ಧೂಳು ಒರೆಸಿ ಬಿಳಿ ಬಣ್ಣದ ಒಂದು ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟರು. ಅತ್ತೆ ಅದನ್ನು ಎರಡೂ ಕೈಯಲ್ಲಿ ಎತ್ತಿ ತೂಕ ನೋಡಿದರು. ಬೆನ್ನು ಸವರಿದರು. ಪಕ್ಕೆ ಅಮುಕಿದರು.

"ಹಿಂದ್ಗಡೆ ಯಾಕಪ್ಪ ಇಷ್ಟೊಂದು ತೂತು? ಇಲಿ ಕಡ್ದದಾ?"

"ಅವ್ವಾ, ಅದು ಬಿಸಿಗಾಳಿ ಹೋಗಕ್ಕೆ!"

"ಎಷ್ಟು ದಿನದ್ದು?"

"ಎರಡು ವರ್ಷ ಆಯ್ತು ತರಿಸಿ. ಒಬ್ರು ಆರ್ಡರ್ ಕೊಟ್ಟು, ಆಮೇಲೆ ಫೋನೇ ಎತ್ಲಿಲ್ಲ. ಹೊಸದು ಐವತ್ತೈದು ಅದೆ, ಇದು ನಿಮಗೆ ಅಂತ ನಲವತ್ತು."

"ಇಪ್ಪತ್ತೆಂಟು" ಎಂದರು ಅತ್ತೆ.

ನಾನು ವಿಜಯೋತ್ಸಾಹದಿಂದ ಎದ್ದು ಬ್ಯಾಗು ಹೆಗಲಿಗೇರಿಸಿದೆ. ದೇವಯ್ಯ ಪೆಟ್ಟಿಗೆಯನ್ನು ನೋಡಿದರು, ಫ್ಯಾನನ್ನು ನೋಡಿದರು, ಉದ್ದನೆಯ ನಿಟ್ಟುಸಿರು ಬಿಟ್ಟರು.

"ತಗೊಂಡೋಗಿ ಅವ್ವಾ. ಇದರ ರೇಟ್ ಕೇಳ್ದೋರೆಲ್ಲ ಒಂದು ಲೋಟ ನೀರು ಕುಡ್ದು ಎದ್ದೋಯ್ತಾರೆ. ಎರಡು ವರ್ಷದಿಂದ ಬರೀ ನೀರೇ ಕೊಟ್ಟಿದೀನಿ."

ನಾನು ಕುರ್ಚಿಯಲ್ಲಿ ಕುಸಿದೆ. ನನಗೂ ಒಂದು ಲೋಟ ನೀರು ಬಂತು.

"ಅತ್ತೆ, ಹೋಗೋಣ ಏಳಿ" ಎಂದು ಅವರ ಸೆರಗು ಜಗ್ಗಿದೆ.

"ಎಲ್ಲಿಗವ್ವಾ? ನಾ ಕೇಳ್ದೆ, ಅವ್ನು ಆಯ್ತು ಅಂದ. ದುಡ್ಡು ತಗಿ."

"ಬಿಳಿ ಬಣ್ಣ ಅತ್ತೆ, ಬೇಗ ಕೊಳೆಯಾಗುತ್ತೆ..."

"ಒಗೆಯಕ್ಕೆ ನೀನಿದ್ದೀಯಲ್ಲ."

ಫೋನಿನಲ್ಲಿ ದುಡ್ಡು ಕಳಿಸಿದೆ. ಗಲ್ಲಾದ ಮೇಲಿದ್ದ ಪುಟ್ಟ ಸ್ಪೀಕರು "ಇಪ್ಪತ್ತೆಂಟು ಸಾವಿರ ರೂಪಾಯಿ ಸ್ವೀಕರಿಸಲಾಗಿದೆ" ಎಂದು ಇಡೀ ಬೀದಿಗೆ ಸಾರಿತು. ಅಂತರಂಗದಲ್ಲಿ ನನ್ನ ವಾಷಿಂಗ್ ಮಷೀನು ಗಿರಗಿರನೆ ಒಂದು ಸುತ್ತು ಸುತ್ತಿ ನಿಂತಿತು.

ಹೋಗಲಿ, ಗಂಡನ ಮುಖದಲ್ಲಿ ನಗು ಕಂಡರೆ ಅಷ್ಟೇ ಸಾಕು ಎಂದು ಮನಸ್ಸು ಗಟ್ಟಿ ಮಾಡಿಕೊಂಡೆ. ಸಂಜೆ ನಮ್ಮವರು ಬಂದರು. ಟೀವಿಯ ಪಕ್ಕ ಇದ್ದ ಪೆಟ್ಟಿಗೆ ಕಂಡು, ಮನೆಗೆ ಪೊಲೀಸರೇ ಬಂದಿರುವಂತೆ ಬೆವರಿದರು.

"ಇದ್ಯಾಕೆ ತಂದೆ?"

"ನಿಮಗೇ ಕಣ್ರೀ! ಆಡಿ!"

ತಂತಿ ಸಿಕ್ಕಿಸಿ, ಅಲ್ಲಿ ಇಲ್ಲಿ ಹುಡುಕಿ, ಖಾಲಿ ಡಬ್ಬವನ್ನೂ ತಲೆಕೆಳಗು ಮಾಡಿ ಕೊಡವಿದರು. "ಗೇಮ್ ಎಲ್ಲಿ?"

"ಅದೇ ಅಲ್ವಾ ಗೇಮು?"

"ಇದು ಬರೀ ಮಷೀನು ಕಣೇ. ಗೇಮ್ ಬೇರೆ ತಗೋಬೇಕು. ಒಳ್ಳೇದು ಅಂದ್ರೆ ಒಂದೊಂದಕ್ಕೂ ನಾಲ್ಕೈದು ಸಾವಿರ."

ಅತ್ತೆಗೆ ರೇಗಿತು. "ಕುರಿ ಕೊಂಡ್ಮೇಲೆ ಉಣ್ಣೆ ಬ್ಯಾರೆ ಕೊಂಡ್ಕಬೇಕಾ?"

"ಅಲ್ಲ, ಇದನ್ನ ತರೋಕೆ ಯಾರು ಹೇಳಿದ್ರು?" ಎಂದರು ನಮ್ಮವರು. "ಐವತ್ತೈದು ಅಂತ ನೋಡಿದ ದಿನವೇ ನಾನು ಆ ಆಸೆ ಬಿಟ್ಟಿದ್ದೆ."

"ಮತ್ತೆ ಊಟ ಬಿಟ್ಟು, ಮಾತು ಬಿಟ್ಟು ಕೊರಗ್ತಿದ್ರಲ್ಲ!"

ಅವರು ಕೆನ್ನೆ ಹಿಡಿದುಕೊಂಡು ಅಲ್ಲೇ ಕೂತರು. ಆಗಲೇ ನನಗೆ ಕಂಡದ್ದು, ಎಡಗೆನ್ನೆ ಬನ್ನಿನ ಹಾಗೆ ಊದಿತ್ತು.

"ದವಡೆ ಹಲ್ಲು ಕಣೇ. ಡಾಕ್ಟ್ರು ರೂಟ್ ಕೆನಾಲ್ ಮಾಡ್ಬೇಕು, ಎಂಟು ಸಾವಿರ ಆಗುತ್ತೆ ಅಂದ್ರು. ಹೇಳಿದ್ರೆ ನೀನು ವಾಷಿಂಗ್ ಮಷೀನ್ ದುಡ್ಡಿಗೆ ಕೈ ಹಾಕ್ಬಿಡ್ತೀಯ ಅಂತ ಬಾಯಿ ಮುಚ್ಕೊಂಡಿದ್ದೆ."

ಒಂದು ಕಣ್ಣಿನಲ್ಲಿ ಗಂಡನ ಮೇಲಿನ ಮುದ್ದಿಗೆ, ಇನ್ನೊಂದರಲ್ಲಿ ದುಡ್ಡು ಹೋದ ಸಂಕಟಕ್ಕೆ ನೀರು ಬಂತು. ಅತ್ತೆಗೆ ಅಂಥದ್ದೆಲ್ಲ ಬರುವುದಿಲ್ಲ. ಸೆರಗು ಸಿಕ್ಕಿಸಿಕೊಂಡು ಎದ್ದೇಬಿಟ್ಟರು.

"ಒಂದು ಹಲ್ಲಿಗೆ ಎಂಟಾ? ಏಳ್ಲಾ ನಂಜೇಶ, ಆ ಡಾಕ್ಟ್ರ ತಾವ ನಾನು ಮಾತಾಡ್ತೀನಿ."

ನಾನು ಗಾಬರಿಯಿಂದ ಚಪ್ಪಲಿ ಮೆಟ್ಟಿಕೊಂಡೆ. "ಅತ್ತೆ, ನಾನೂ ಬರ್ತೀನಿ."

"ನೀ ಬ್ಯಾಡ" ಎಂದರು ಅತ್ತೆ, ಹೊಸಿಲು ದಾಟುತ್ತಾ. "ಬೆಲೆ ನೀ ಹೇಳ್ಕೊಡದೇ ಇದ್ದಿದ್ರೆ ಆ ಪೆಟ್ಟಿಗೇನ ನಾನು ಇಪ್ಪತ್ತಕ್ಕೆ ಕೇಳ್ತಿದ್ದೆ. ಅವ್ನು ಅದಕ್ಕೂ ಆಯ್ತು ಅನ್ನೋನು. ಉಳಿದದ್ದು ಇವನ ಹಲ್ಲಿಗಾಗೋದು."

ಲೆಕ್ಕ ಹಾಕಿ ನೋಡಿದೆ. ಸರಿಯಾಗಿಯೇ ಇತ್ತು.