ಪುಕ್ಕಟೆ ಕೊತ್ತಂಬರಿ ಮುಟ್ಟದ ಮಾವ

ನಮ್ಮ ಸೋದರಮಾವನಷ್ಟು ಕಷ್ಟದ ಮನುಷ್ಯ ಇಡೀ ದೆಹಲಿಯಲ್ಲಿ ಇನ್ನೊಬ್ಬನಿಲ್ಲ. ಲಂಚ ತಿನ್ನುವವರ ಜೊತೆ ಹೇಗೋ ಬಾಳಬಹುದು. ಪುಕ್ಕಟೆ ಕೊತ್ತಂಬರಿ ಸೊಪ್ಪನ್ನೂ ತಿನ್ನದವರ ಜೊತೆ ಬಾಳಿ ನೋಡಿ, ಗೊತ್ತಾಗುತ್ತದೆ!

ಎಂ.ಎ. ಓದಲು ದಾವಣಗೆರೆಯಿಂದ ಬಂದ ನಾನು ಸರೋಜಿನಿ ನಗರದ ಅವರ ಸರ್ಕಾರಿ ಕ್ವಾರ್ಟರ್ಸಿನಲ್ಲೇ ಇದ್ದೆ. ಮಾವ ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಅಧಿಕಾರಿ. ಮನೆಯಲ್ಲಿ ದೇವರ ಗೂಡಿನ ಪಕ್ಕದಲ್ಲೇ ಸರ್ಕಾರಿ ನೌಕರರ ನಡತೆ ನಿಯಮಗಳ ಪುಸ್ತಕ. ಎರಡರಲ್ಲಿ ಯಾವುದಕ್ಕೆ ಹೆಚ್ಚು ಹೆದರುತ್ತೀರಿ ಎಂದು ಕೇಳುವ ಧೈರ್ಯ ನಮಗ್ಯಾರಿಗೂ ಇರಲಿಲ್ಲ.

ದೆಹಲಿಯಲ್ಲಿ ತರಕಾರಿ ಕೊಂಡವರಿಗೆ ಕೊನೆಗೊಂದು ಹಿಡಿ ಕೊತ್ತಂಬರಿ, ನಾಲ್ಕು ಹಸಿಮೆಣಸಿನಕಾಯಿ ಪುಕ್ಕಟೆ ಹಾಕುವುದು ಪದ್ಧತಿ. ಹಾಕದಿದ್ದರೆ ಗಿರಾಕಿಗಳು ಜಗಳಕ್ಕೇ ನಿಲ್ಲುತ್ತಾರೆ. ನಮ್ಮ ಮಾವನದು ಹಾಕಿದ್ದಕ್ಕೆ ಜಗಳ!

"ಸಾಬ್, ಧನಿಯಾ ತೋ ಫ್ರೀ ಹೈ!" ಎಂದು ತರಕಾರಿ ಮಾರುವ ಭಯ್ಯಾ ಗೋಗರೆಯುತ್ತಿದ್ದ.

"ಇಸೀಲಿಯೇ ನಹೀಂ ಚಾಹಿಯೇ," ಎಂದು ಮಾವ ನನ್ನ ಕಡೆ ತಿರುಗುತ್ತಿದ್ದರು. "ಪುಕ್ಕಟೆ ಅಂತಲೇ ಬೇಡ. ನಾಳೆ ಇವನ ಅರ್ಜಿ ನನ್ನ ಟೇಬಲ್ಲಿಗೆ ಬಂದ್ರೆ? ಆಗ ಈ ಸೊಪ್ಪು ನೆನಪಾಗಲ್ವೇನೇ?"

ಸೊಪ್ಪಿಲ್ಲದೆ ಸಾರು ಕುದಿಸಿ ಕುದಿಸಿ ಅತ್ತೆ ಅದಕ್ಕೆ 'ಪ್ರಾಮಾಣಿಕ ಸಾರು' ಎಂದು ಹೆಸರಿಟ್ಟಿದ್ದರು.

ಇನ್ನೊಮ್ಮೆ ಜೂನ್ ತಿಂಗಳ ಸುಡುಬಿಸಿಲಿನಲ್ಲಿ ನಾನೂ ಅತ್ತೆಯೂ ಚಾಣಕ್ಯಪುರಿಯ ಬಸ್ ಸ್ಟಾಪಿನಲ್ಲಿ ಬೇಯುತ್ತಿದ್ದೆವು. ಮಾವನ ಆಫೀಸು ಕಾರು ಬಂದು ನಮ್ಮೆದುರಿನ ಸಿಗ್ನಲ್ಲಿನಲ್ಲೇ ನಿಂತಿತು. ಬದುಕಿದೆವು ಎಂದುಕೊಂಡೆವು. ಮಾವ ಕಿಟಕಿ ಇಳಿಸಿದರು, ನಗುತ್ತಾ ಕೈ ಬೀಸಿದರು, ಹೊರಟೇಹೋದರು! ಸಂಜೆ ಅತ್ತೆ ಕೆಂಡವಾದಾಗ ಅವರ ಸಮಜಾಯಿಷಿ: "ಸರ್ಕಾರಿ ಕಾರಲ್ಲಿ ಮನೆಯವರನ್ನ ಕೂರಿಸೋ ಹಾಗಿಲ್ಲ ಕಣೇ. ಕೈ ಬೀಸೋದಕ್ಕೆ ಅಡ್ಡಿಯಿಲ್ಲ."

ಇಷ್ಟೆಲ್ಲ ನೋಡಿ ನಗುತ್ತಿದ್ದ ನಾನು ಒಮ್ಮೆ ನಿಜಕ್ಕೂ ಮುನಿಸಿಕೊಂಡೆ. ಓದು ಮುಗಿದು ಗುರುಗ್ರಾಮದ ಕಂಪನಿಯೊಂದಕ್ಕೆ ಅರ್ಜಿ ಹಾಕಿದ್ದೆ. ಕೆಲಸ ಸಿಗದಿದ್ದರೆ ಊರಿಗೆ ಬಂದು ಮದುವೆಯಾಗು ಎಂದು ಅಪ್ಪ ಹೇಳಿಯಾಗಿತ್ತು. ಆ ಕಂಪನಿಯ ಫೈಲುಗಳೆಲ್ಲ ಮಾವನ ಕೈಯಲ್ಲೇ ಓಡಾಡುತ್ತಿದ್ದವು.

"ಅವರಿಗೆ ಒಂದೇ ಒಂದು ಮಾತು ಹೇಳಿ ಮಾವ," ಎಂದೆ. ಮಾವ ತಟ್ಟೆ ಬಿಟ್ಟು ಎದ್ದುಬಿಟ್ಟರು.

ಪುಣ್ಯಕ್ಕೆ ಯಾರ ಶಿಫಾರಸೂ ಇಲ್ಲದೆ ಕೆಲಸ ಸಿಕ್ಕಿತು. ಆದರೆ ಸಿಟ್ಟಿನಲ್ಲಿ ಮೂರು ತಿಂಗಳು ಅವರ ಜೊತೆ ಮಾತು ಬಿಟ್ಟೆ. ಅದೇ ಸಮಯಕ್ಕೆ ಅವರನ್ನು ನೆಲಮಾಳಿಗೆಯ ಹಳೆ ದಾಖಲೆಗಳ ಕೋಣೆಗೆ ಹಾಕಿದರು. ಜೀವದಂತಿದ್ದ ಕೆಲಸವೂ ಹೋಯಿತು, ಕಾರೂ ಹೋಯಿತು. "ಅಲ್ಲಿ ತಂಪಾಗಿರತ್ತೆ," ಎಂದರು ಮಾವ. ಯಾರನ್ನೋ ಎದುರು ಹಾಕಿಕೊಂಡಿರಬೇಕು, ಅನುಭವಿಸಲಿ ಎಂದುಕೊಂಡೆ. ನನ್ನ ಬುದ್ಧಿಗಿಷ್ಟು!

ಮೊನ್ನೆ ಮಾವನ ನಿವೃತ್ತಿಯ ಬೀಳ್ಕೊಡುಗೆಗೆ ಹೋಗಿದ್ದೆ. ಅವರ ಹಳೆಯ ಮೇಲಧಿಕಾರಿಯೊಬ್ಬರು ನನ್ನನ್ನು ನೋಡಿ, "ಅಚ್ಛಾ, ವೋ ಬೇಟಿ ತುಮ್ ಹೋ?" ಆ ಮಗಳು ನೀನೇನಾ ಎಂದು ನಕ್ಕರು. ಮಗಳಲ್ಲ, ಸೊಸೆ, ಅವರ ಅಕ್ಕನ ಮಗಳು ಎಂದೆ. ಅವರು ತಲೆಯಾಡಿಸಿ ಹಿಂದಿಯಲ್ಲಿ ಕಥೆ ಹೇಳಿದರು. ನನಗೆ ಆ ಕೆಲಸ ಸಿಕ್ಕ ಮರುದಿನವೇ ಮಾವ ತಮ್ಮನ್ನು ಕಂಪನಿಯ ಫೈಲುಗಳಿಂದ ದೂರ ಇಡಿ ಎಂದು ಅರ್ಜಿ ಕೊಟ್ಟಿದ್ದರಂತೆ. ಮನೆಯವರು ಕೆಲಸದಲ್ಲಿರುವ ಕಂಪನಿಯ ಫೈಲು ಮುಟ್ಟಬಾರದೆಂಬ ನಿಯಮ ಇರುವುದು ಮಗ, ಮಗಳಿಗೆ. ಅಕ್ಕನ ಮಗಳು ಲೆಕ್ಕಕ್ಕಿಲ್ಲ, ಸುಮ್ಮನಿರಿ ಎಂದು ಇವರು ತಿಳಿಹೇಳಿದರೂ ಕೇಳಲಿಲ್ಲವಂತೆ. 'ನನ್ನ ಮನೆಯಲ್ಲಿರುವವಳು, ಮಗಳೆಂದೇ ಭಾವಿಸತಕ್ಕದ್ದು' ಎಂದು ಬರೆದು ಸಹಿ ಹಾಕಿ ನೆಲಮಾಳಿಗೆಗೆ ಇಳಿದರಂತೆ.

ನಿಯಮದ ಒಂದಕ್ಷರವನ್ನೂ ಆಚೀಚೆ ಮಾಡದ ಮನುಷ್ಯ ಜೀವಮಾನದಲ್ಲಿ ಒಂದೇ ಸಲ ನಿಯಮವನ್ನು ಹಿಗ್ಗಿಸಿದ್ದರು, ಅದೂ ತಮಗೇ ನಷ್ಟವಾಗುವಂತೆ. ಅಂಥವರ ಜೊತೆ ನಾನು ಮೂರು ತಿಂಗಳು ಮಾತು ಬಿಟ್ಟಿದ್ದೆ.

ಆ ಕ್ವಾರ್ಟರ್ಸುಗಳನ್ನೆಲ್ಲ ಈಗ ಕೆಡವಿದ್ದಾರೆ. ಮಾವ, ಅತ್ತೆ ವಸಂತ್ ಕುಂಜಿನಲ್ಲಿ ನನ್ನ ಮನೆಯ ಹತ್ತಿರವೇ ಇದ್ದಾರೆ. ಬೀಳ್ಕೊಡುಗೆಯ ಮರುದಿನ ಬೆಳಿಗ್ಗೆ ತರಕಾರಿ ಚೀಲ ಹಿಡಿದು ಅಲ್ಲಿಗೆ ಹೋದೆ. ಮಾವ ಹಳೇ ಚಾಳಿಯಂತೆ ಬಾಗಿಲಲ್ಲೇ ಚೀಲ ಇಣುಕಿದರು.

"ಈ ಕೊತ್ತಂಬರಿ ಯಾರೇ ಕೊಟ್ಟದ್ದು?"

"ನಿಮ್ಮ ಮಗಳು," ಎಂದೆ.

ಮಾವ ಸೊಪ್ಪಿನ ಕಟ್ಟನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಅಡುಗೆಮನೆಯ ಕಡೆ ಕೂಗಿದರು: "ಕೇಳಿಸ್ತೇನೇ? ಇವತ್ತು ಸಾರಿಗೆ ಎಲ್ಲಾನೂ ಹಾಕು!"